ಒಂದೇ ನಂಬರಿನ ಎರಡು ದೂರು

"ಹಾಕಲ್ಲ ಅಂದ್ರೆ ಹಾಕಲ್ಲ, ಅಷ್ಟೇ."

ಸ್ಪ್ಯಾನರ್ ಅನ್ನುವ ಹುಡುಗಿ ಪೆನ್ನನ್ನು ಮೇಜಿನ ಮೇಲೆ ಉರುಳಿಸಿಬಿಟ್ಟಳು. ಅದು ಆ ಉದ್ದನೆಯ ಮೇಜಿನ ಮೇಲೆ ಸದ್ದು ಮಾಡುತ್ತಾ ಹೋಗಿ ಲಿಫ್ಟ್ ಕಂಪನಿಯ ಮಾಲೀಕರ ನೀರಿನ ಲೋಟಕ್ಕೆ ತಾಗಿ ನಿಂತಿತು. ಮಾಲೀಕರು ಪೆನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇವಳಿಗೆ ಬುದ್ಧಿ ಹೇಳುವುದು ನನ್ನ ಜವಾಬ್ದಾರಿ ಅನ್ನುವಂತಿತ್ತು ಆ ನೋಟ.

ನಾನು ಬುದ್ಧಿ ಹೇಳುವುದಕ್ಕೆ ಬಂದವಳಲ್ಲ. ಜಗಳಕ್ಕೇ ಬಂದವಳು.

ಈ ಹುಡುಗಿಯನ್ನು ಇಡೀ ಲಿಫ್ಟ್ ಕಂಪನಿ ಸ್ಪ್ಯಾನರ್ ಅಂತಲೇ ಕರೆಯುತ್ತದೆ. ಕೆಲಸಕ್ಕೆ ಸೇರಿದ ದಿನ ಯಾರೋ ಒಬ್ಬ ಮಹಾನುಭಾವ "ಹೆಣ್ಣುಮಗಳ ಕೈಗೆ ಸ್ಪ್ಯಾನರ್ ಭಾರ ಕಣಮ್ಮ" ಅಂದನಂತೆ. ಅವತ್ತಿನಿಂದ ಅವಳು ಅದನ್ನು ಸೊಂಟದಿಂದ ಇಳಿಸಿಲ್ಲ. ಇವತ್ತು ಈ ಮೀಟಿಂಗ್ ರೂಮಿಗೆ ಬರುವಾಗಲೂ ಅದು ಸೊಂಟದಲ್ಲೇ ಇತ್ತು.

ಅವಳ ಮುಂದಿದ್ದ ಕಾಗದದಲ್ಲಿ ಮಾಲೀಕರು ಅವಳ ಹೆಸರಿನಲ್ಲಿ ಬರೆಸಿದ್ದ ಮೂರು ಸಾಲು. 'ಕಂಪನಿಯ ವೆಬ್‌ಸೈಟಿನ ದೂರು ಪೆಟ್ಟಿಗೆಗೆ ಹೆಸರಿಲ್ಲದೆ ಬಂದ ಎರಡೂ ದೂರುಗಳನ್ನು ನಾನೇ ಬರೆದೆ. ಮೊದಲನೆಯದು ಶುದ್ಧ ಸುಳ್ಳು. ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ.'

ಸಹಿ ಹಾಕಿದರೆ ಮೆಕ್ಯಾನಿಕ್ ಲೈಸೆನ್ಸ್ ಹೋಗುತ್ತದೆ. ಹಾಕದಿದ್ದರೆ ಎರಡನೆಯದರಲ್ಲಿರುವ ಬೆದರಿಕೆಗೆ ಪೊಲೀಸರು ಬರುತ್ತಾರೆ. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಹಾಗೆ.

"ಮೊದಲನೇದು ನಂದು," ಅಂದಳು ಸ್ಪ್ಯಾನರ್. "ಬ್ರೇಕಿನ ಲೈನರ್, ಅದೇ ಉಜ್ಜಿ ಹಿಡಿಯೋ ಪಟ್ಟಿ, ನಕಲಿ ಅಂತ ಬರೆದೆ. ಆ ಬ್ಯಾಂಕ್ ಕಟ್ಟಡದ ಲಿಫ್ಟ್ ನಿಲ್ಲಿಸಿ ಅಂತ ಬರೆದೆ. ನಿಲ್ಲಿಸಿದ್ರಾ? ನಿಲ್ಲಿಸಲಿಲ್ಲ. ಇವತ್ತು ಅಣ್ಣ ಆಸ್ಪತ್ರೇಲಿ ಕಣ್ಣು ಬಿಡದೆ ಮಲಗಿದಾನೆ. ಎರಡನೇದು ನಾನು ಬರೆದಿಲ್ಲ. ಬರೆಯದೇ ಇರೋದಕ್ಕೆ ನಾನ್ಯಾಕೆ ಸಹಿ ಹಾಕ್ಲಿ?"

ಅಣ್ಣ ಅಂದರೆ ಒಡಹುಟ್ಟಿದವನಲ್ಲ. ಲಿಫ್ಟ್ ಕೆಲಸದಲ್ಲಿ ಅವಳ ಜೋಡಿ. ಒಬ್ಬರು ಲಿಫ್ಟು ಓಡಾಡುವ ಬಾವಿಯಂಥ ಗೂಡಿನೊಳಗೆ ಇಳಿದರೆ ಇನ್ನೊಬ್ಬರು ಮೇಲೆ ಮೆಷಿನ್ ರೂಮಿನಲ್ಲಿ ಸ್ವಿಚ್ಚು ಕಾಯುತ್ತಾರೆ. ಅಪಘಾತದ ದಿನ ಒಳಗಿದ್ದದ್ದು ಅಣ್ಣ.

ಅಣ್ಣನ ಹೆಂಡತಿ ಮೇಜಿನ ತುದಿಯಲ್ಲಿ ಕೂತಿದ್ದರು. ಸ್ಪ್ಯಾನರ್‌ಗೆ ಅತ್ತಿಗೆ, ಹಾಗಾಗಿ ನನಗೂ ಅತ್ತಿಗೆಯೇ ಆಗಿಹೋಗಿದ್ದಾರೆ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಜಾ ಹೊಲಿಯುವವರು. ಪತ್ತೇದಾರಿಕೆ ಮಾಡುವ ನನ್ನನ್ನು ಈ ಕೇಸಿಗೆ ಗೊತ್ತು ಮಾಡಿದ್ದು ಅವರೇ. ಗಾಯಾಳುವಿನ ಹೆಂಡತಿಯ ಎದುರಿಗೇ ಹುಡುಗಿಯ ಬಣ್ಣ ಬಯಲು ಮಾಡಬೇಕು ಅಂತ ಮಾಲೀಕರು ಇವತ್ತು ಅವರನ್ನೂ ಕರೆಸಿದ್ದರು. ಬಂದಾಗಿನಿಂದ ಅತ್ತಿಗೆ ಮಾಲೀಕರ ಮುಖವನ್ನೇ ನೋಡುತ್ತಿದ್ದರು.

"ಮೇಡಂ, ನೀವೇ ಕೇಳಿ," ಅಂದರು ಮಾಲೀಕರು. "ನಾನು ಸುಮ್ಸುಮ್ನೆ ಆಪಾದನೆ ಮಾಡೋನಲ್ಲ. ನಮ್ಮ ಹುಡುಗ ಎಲ್ಲಾ ಲೆಕ್ಕಾಚಾರ ಹಾಕಿ ಇಟ್ಟಿದಾನೆ."

ಅವರ ಹುಡುಗ ಅಂದರೆ ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುವವನು. ಮೂವತ್ತು ದಾಟಿರಬಹುದು. ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದ ಕಳೆ. ನಾನು ಮನಸ್ಸಿನಲ್ಲೇ ಅವನಿಗೆ ಪಂಡಿತ ಅಂತ ಹೆಸರಿಟ್ಟುಬಿಟ್ಟೆ.

ಪಂಡಿತ ಲ್ಯಾಪ್‌ಟಾಪ್ ತಿರುಗಿಸಿದ.

"ನಮ್ಮ ಸೈಟಿಗೆ ಯಾರು ಬಂದ್ರೂ ಅವರ ಇಂಟರ್ನೆಟ್ ವಿಳಾಸ ನಮ್ಮ ಹತ್ರ ದಾಖಲಾಗುತ್ತೆ ಮೇಡಂ. ಉದ್ದ ನಂಬರ್. ನೋಡಿ, ಮೊದಲನೇ ದೂರಿಗೆ ಈ ನಂಬರ್. ಎರಡನೇದಕ್ಕೆ? ಇದೇ ನಂಬರ್. ಒಂದಂಕಿ ಆಚೀಚೆ ಇಲ್ಲ. ಮೊದಲನೇದು ಇವಳದ್ದೇ ಅಂತ ಇವಳೇ ಒಪ್ಕೊಂಡಳು. ಅಂದ್ಮೇಲೆ ಎರಡನೇದೂ ಇವಳದ್ದೇ."

"ಈ ನಂಬರ್ ಯಾರ ಮನೇದು?" ಕೇಳಿದೆ.

"ಮನೇದಲ್ಲ, ವಿಪಿಎನ್‌ದು, ನಮ್ಮ ವಿಳಾಸ ಮರೆಸೋ ಆ್ಯಪಿಂದು. ಅದೇ ಮೇಡಂ ತಮಾಷೆ! ಕಳ್ಳತನ ಗೊತ್ತಾಗಬಾರದು ಅಂತ ಫೋನಲ್ಲಿ ವಿಪಿಎನ್ ಹಾಕ್ಕೊಂಡಿದಾಳೆ. ಎಲ್ಲಾ ಮೆಕ್ಯಾನಿಕ್‌ಗಳ ಫೋನ್ ನೋಡಿದೆ. ಇವಳೊಬ್ಬಳ ಫೋನಲ್ಲಿ ಮಾತ್ರ ಇದೆ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಗೊತ್ತಾಗಲ್ವಾ?"

ಮಾಲೀಕರು ಮೆಚ್ಚಿ ನಕ್ಕರು. ನನಗೆ ಮೈ ಉರಿಯಿತು. ಈ ಅಪ್ಪ ತುಂಬಿದ ಕೊಡ ಅಲ್ಲ ಅಂತ ತುಳುಕುವುದರಲ್ಲೇ ಗೊತ್ತಾಗುತ್ತಿತ್ತು.

ನಾನು ಬ್ಯಾಗಿನಿಂದ ನನ್ನ ಫೋನ್ ತೆಗೆದೆ. "ಪಂಡಿತರೇ, ಆ ಪುಕ್ಕಟೆ ವಿಪಿಎನ್ ಯಾವುದು ಅಂತ ಇವಳ ಹತ್ರ ಕೇಳಿ ನಾನೂ ಹಾಕ್ಕೊಂಡಿದೀನಿ. ಈಗ ಆನ್ ಮಾಡ್ತೀನಿ. ನಿಮ್ಮ ದೂರು ಪೆಟ್ಟಿಗೇಲಿ ಒಂದು ಸಾಲು ಬರೀತೀನಿ. ನಿಮ್ಮ ಮೀಟಿಂಗ್ ರೂಮಿನ ಕುರ್ಚಿ ಬೆನ್ನು ನೋಯಿಸುತ್ತೆ ಅಂತ. ಕಳಿಸಿದೆ. ನಂಬರ್ ನೋಡಿ."

ಪಂಡಿತ ನೋಡಿದ. ಕೀಲಿ ಒತ್ತಿ ಇನ್ನೊಮ್ಮೆ ನೋಡಿದ.

"ಗಟ್ಟಿಯಾಗಿ ಓದಪ್ಪ," ಅಂದೆ.

"ಅದೇ... ನಂಬರ್."

"ಹಾಗಾದ್ರೆ ಎರಡನೇ ದೂರು ಬರೆದದ್ದು ನಾನೇ. ಕೋಳ ತನ್ನಿ."

ಸ್ಪ್ಯಾನರ್ ಕಿಸಕ್ಕನೆ ನಕ್ಕಳು. ಮಾಲೀಕರು ನಗಲಿಲ್ಲ.

"ನಾನೊಬ್ಬಳೇ ಅಲ್ಲ. ನನ್ನ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬೇರೆ ದೇಶದ ಚೆಸ್ ಪಂದ್ಯ ನೋಡೋಕೆ ಇದನ್ನೇ ಹಾಕ್ಕೊಂಡಿದಾರೆ. ಅವರನ್ನೂ ಎಳ್ಕೊಂಡು ಬನ್ನಿ. ವಿಪಿಎನ್ ಅಂದ್ರೆ ಸಾವಿರಾರು ಜನ ಒಂದೇ ಬಾಗಿಲಿಂದ ಆಚೆ ಬರೋದು. ಒಂದೇ ಬಸ್ ಸ್ಟಾಪಲ್ಲಿ ಇಳಿದೋರೆಲ್ಲ ಒಂದೇ ಮನೆಯವರು ಅಂತ ಯಾರಾದ್ರೂ ಹೇಳ್ತಾರಾ?"

ನಾನು ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ತಂತಿ ಸಿಕ್ಕಿಸಿ ಊರೂರಿಗೆ ಮಾತು ದಾಟಿಸಿದವಳು. ಆಗಲೂ ಜನಕ್ಕೆ ಇದೇ ಭ್ರಮೆ. ನಮ್ಮೂರ ಎಕ್ಸ್‌ಚೇಂಜಿನವಳು ಕದ್ದು ಕೇಳುತ್ತಾಳೆ ಅಂತ ಪಕ್ಕದ ಊರಿನ ಎಕ್ಸ್‌ಚೇಂಜಿಗೆ ಹೋಗಿ ಅಲ್ಲಿಂದ ಕರೆ ಮಾಡುತ್ತಿದ್ದರು. ಅಲ್ಲಿನವಳಿಗೆ ಕಿವಿ ಇಲ್ಲವೇ? ಕದ್ದು ಕೇಳುವ ಕಿವಿ ಬದಲಾಯಿತೇ ಹೊರತು ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ವಿಪಿಎನ್ ಕೂಡ ಇಷ್ಟೇ. ಅದರಲ್ಲೂ ಪುಕ್ಕಟೆ ಕೊಡುವವನು ಧರ್ಮಕ್ಕೆ ಕೊಡುತ್ತಿದ್ದಾನೆ ಅಂತ ನಂಬುವವರನ್ನು ಕಂಡರೆ ನನಗೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಬೆಳಿಗ್ಗೆ ಸ್ಪ್ಯಾನರ್‌ಗೂ ಇದನ್ನೇ ಹೇಳಿ ಚೆನ್ನಾಗಿ ಬೈದಿದ್ದೆ.

"ಸರಿ, ನಂಬರ್ ಬಿಡಿ," ಅಂದರು ಮಾಲೀಕರು. ಸೋತು ಅಭ್ಯಾಸವಿಲ್ಲದ ಧ್ವನಿ. "ಮುಚ್ಚಿಡೋದು ಏನೂ ಇಲ್ದೇ ಇರೋರು ಇದನ್ನೆಲ್ಲ ಯಾಕೆ ಹಾಕ್ಕೋತಾರೆ? ಅದನ್ನ ಹೇಳಿ."

ಸ್ಪ್ಯಾನರ್ ನನಗಿಂತ ಮೊದಲು ಬಾಯಿ ಹಾಕಿದಳು. "ಸರ್, ಸಂಬಳದ ಚೀಟಿ ಯಾಕೆ ಕವರಲ್ಲಿ ಅಂಟಿಸಿ ಕೊಡ್ತೀರಿ? ನಾವೇನು ಕದ್ದ ಸಂಬಳ ತಗೋತೀವಾ?"

"ಬಾಯಿ ಜಾಸ್ತಿ ಆಯ್ತು ನಿಂದು."

"ಇಷ್ಟು ದಿನ ಕಮ್ಮಿ ಇತ್ತು ಸರ್, ಅದಕ್ಕೇ ಅಣ್ಣ ಮಲಗಿರೋದು."

ಮಾಲೀಕರು ಮುಖವನ್ನು ಗೋಡೆಯತ್ತ ತಿರುಗಿಸಿದರು. ಗೋಡೆಯ ಮೇಲೆ ಹಳೆಯ ಲಿಫ್ಟಿನ ಹಿತ್ತಾಳೆ ಗುಂಡಿಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ಕಿಟಕಿಯಾಚೆ ವರ್ಕ್‌ಶಾಪಿನಲ್ಲಿ ಯಾರೋ ಕಬ್ಬಿಣ ಉಜ್ಜುತ್ತಿದ್ದರು. ಗ್ರೀಸಿನ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು.

ಬಿಸಿ ಇರುವಾಗಲೇ ಬಡಿಯಬೇಕು ಅಂತ ನಾನು ಎರಡನೇ ದೂರನ್ನು ಗಟ್ಟಿಯಾಗಿ ಓದಿದೆ.

"'ಒಬ್ಬ ಮನುಷ್ಯನನ್ನು ಬೀಳಿಸಿದಿರಿ. ಇನ್ನು ನಿಮ್ಮ ಸರದಿ. ನಿಮ್ಮ ಲಿಫ್ಟುಗಳ ಹಗ್ಗ ಒಂದೊಂದಾಗಿ ಕತ್ತರಿಸಿ ಬೀಳಿಸುತ್ತೇನೆ. ಆಗ ಗೊತ್ತಾಗುತ್ತದೆ ನಿಮಗೆ.' ಸ್ಪ್ಯಾನರ್, ಹಗ್ಗ ಕತ್ತರಿಸಿದ್ರೆ ಲಿಫ್ಟ್ ಬೀಳುತ್ತಾ?"

"ಎಲ್ಲಿ ಬೀಳುತ್ತೆ ಮೇಡಂ? ಹಗ್ಗ ಹೋದ್ರೆ ಲಿಫ್ಟಿನ ಪೆಟ್ಟಿಗೆ ಅಡಿಯಲ್ಲಿರೋ ಹಿಡಿತ ಪಕ್ಕದ ಹಳಿಗೆ ಕಚ್ಕೊಂಡು ನಿಂತ್ಬಿಡುತ್ತೆ."

"ಮತ್ತೆ ಅಣ್ಣ ಹೇಗೆ ಬಿದ್ದ?"

"ಬಿದ್ದಿಲ್ಲ ಮೇಡಂ. ಎಲ್ರೂ ಬಿದ್ದ ಅಂತಾರೆ. ಬ್ರೇಕ್ ಹಿಡೀಲಿಲ್ಲ, ಪೆಟ್ಟಿಗೆ ಖಾಲಿ ಇತ್ತು. ಹಗ್ಗದ ಆಚೆ ತುದೀಲಿರೋ ತೂಕದ ಕಲ್ಲು ಭಾರ. ಅದು ಕೆಳಕ್ಕೆ ಎಳೀತು, ಪೆಟ್ಟಿಗೆ ಮೇಲಕ್ಕೆ ಹಾರ್ತು. ಪೆಟ್ಟಿಗೆ ನೆತ್ತಿ ಮೇಲೆ ಅಣ್ಣ ಕೂತಿದ್ದ. ಹೋಗಿ ಸೂರಿಗೆ..." ಅವಳು ಅಲ್ಲಿಗೇ ನಿಲ್ಲಿಸಿದಳು. ಅತ್ತಿಗೆಯ ಕಡೆ ನೋಡಿ ತಲೆ ತಗ್ಗಿಸಿದಳು.

ನಾನು ಮಾಲೀಕರತ್ತ ತಿರುಗಿದೆ. "ನೀವೂ ಮೆಕ್ಯಾನಿಕ್ ಆಗಿಯೇ ಶುರು ಮಾಡಿದೋರಂತೆ. ಹೇಳಿ, ಲಿಫ್ಟ್ ಕೆಲಸ ಬಲ್ಲೋರು ಯಾರಾದ್ರೂ ಹಗ್ಗ ಕತ್ತರಿಸಿ ಬೀಳಿಸ್ತೀನಿ ಅಂತ ಬರೀತಾರಾ?"

ಮಾಲೀಕರು ಲೋಟದ ನೀರು ಕುಡಿದರು. ಉತ್ತರ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕೇಸು ಕೈಗೆ ಬಂತು ಅಂತ ನನ್ನ ಎದೆ ಉಬ್ಬಿತು.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಗಾದೆಯನ್ನು ನನಗೋಸ್ಕರವೇ ಕಟ್ಟಿದ್ದಾರೆ ಅಂತ ಕಾಣುತ್ತದೆ.

"ಏನಪ್ಪ ಪಂಡಿತ," ಅಂದೆ, "ಇಷ್ಟೇನಾ ನಿನ್ನ ಬತ್ತಳಿಕೆ? ಇನ್ನೇನಾದ್ರೂ ಗುರುತು ಇದ್ರೆ ತೋರಿಸು, ನೋಡೋಣ."

ಪಂಡಿತನ ಕಿವಿ ಕೆಂಪಗಾಗಿತ್ತು. ಅವಮಾನ ತಿಂದ ಮನುಷ್ಯ ಕೆಲವೊಮ್ಮೆ ನಿಜವಾಗಿಯೂ ಕೆಲಸ ಮಾಡುತ್ತಾನೆ. ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಬಗ್ಗಿ ಕೂತ. ಟಕಟಕ ಅಂತ ಕೀಲಿಮಣೆ ಕುಟ್ಟತೊಡಗಿದ.

ಆಮೇಲೆ ತಲೆ ಎತ್ತಿದ. ಮುಖದಲ್ಲಿ ಈಗ ಓದಿಕೊಂಡು ಬಂದ ಕಳೆ ಇರಲಿಲ್ಲ. ಆಶ್ಚರ್ಯ ಇತ್ತು.

"ಕುಕಿ," ಅಂದ.

"ಏನದು?" ಮಾಲೀಕರು ಕೇಳಿದರು.

"ಸರ್, ಯಾರಾದ್ರೂ ಮೊದಲ ಸಲ ನಮ್ಮ ಸೈಟಿಗೆ ಬಂದ್ರೆ ಅವರ ಫೋನಿನ ಬ್ರೌಸರಿಗೆ ಒಂದು ಸಣ್ಣ ಗುರುತು ಅಂಟುತ್ತೆ. ಮತ್ತೆ ಬಂದಾಗ ಅದೇ ಗುರುತು ತಗೊಂಡೇ ಬರ್ತಾರೆ. ಇವರು ಹಳಬರು ಅಂತ ಸೈಟಿಗೆ ತಿಳೀಲಿ ಅಂತ." ಅವನು ನನ್ನ ಕಡೆ ನೋಡಿದ. "ಮೇಡಂ ಈಗ ಕಳಿಸಿದ ದೂರಿಗೆ ಹೊಸ ಗುರುತು. ನಂಬರ್ ಒಂದೇ ಆದ್ರೂ ಗುರುತು ಬೇರೆ. ಆದ್ರೆ ಮೊದಲನೇ ದೂರು, ಎರಡನೇ ದೂರು, ಎರಡಕ್ಕೂ ಒಂದೇ ಗುರುತು. ವಿಪಿಎನ್ ಹಾಕಿದ್ರೂ ಅದು ಅಳಿಸೋದಿಲ್ಲ."

ಅವನು ಹೇಳಿದ್ದು ನಿಜ.

ವಿಪಿಎನ್ ಹಾಕಿಕೊಂಡರೆ ಮೈಮೇಲೆಲ್ಲ ಕಂಬಳಿ ಹೊದ್ದ ಹಾಗೆ ಅಂತ ಜನ ಅಂದುಕೊಳ್ಳುತ್ತಾರೆ. ಅದು ಬರುವ ದಾರಿಯನ್ನು ಮಾತ್ರ ಮರೆಸುತ್ತದೆ. ಹಣೆಗೆ ಅಂಟಿದ ಬೊಟ್ಟನ್ನು ಒರೆಸುವುದಿಲ್ಲ.

"ಇನ್ನೂ ಇದೆ," ಅಂದ ಪಂಡಿತ. ಈಗ ಅವನಿಗೆ ಹುರುಪು ಬಂದಿತ್ತು. "ನಮ್ಮ ಹಾಜರಿ ಆ್ಯಪ್ ಎಲ್ಲಾ ಮೆಕ್ಯಾನಿಕ್‌ಗಳ ಫೋನಲ್ಲೂ ಇದೆ. ಅದು ವಿಪಿಎನ್ ಕಡೆ ತಿರುಗೂ ನೋಡಲ್ಲ, ಫೋನ್ ಎಲ್ಲಿದೆ ಅಂತ ಸೀದಾ ಹೇಳುತ್ತೆ. ಎರಡನೇ ದೂರು ಬಂದದ್ದು ಅಪಘಾತದ ಮರುದಿನ ಮಧ್ಯಾಹ್ನ. ಆಗ ಇವಳ ಫೋನ್ ಆಸ್ಪತ್ರೇಲಿ ಇತ್ತು."

"ನಾನೂ ಅಲ್ಲೇ ಇದ್ದೆ," ಅಂದಳು ಸ್ಪ್ಯಾನರ್. "ಅದನ್ನ ಮುಚ್ಚಿಟ್ಟಿದೀನಾ? ಅಣ್ಣನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

"ಅಂದ್ರೆ ನಿನ್ನ ಫೋನಿಂದ್ಲೇ ಹೋಗಿದೆ. ನೀನೂ ಅಲ್ಲೇ ಇದ್ದೆ." ಮಾಲೀಕರು ಪೆನ್ನನ್ನು ಮತ್ತೆ ಅವಳ ಕಡೆ ಉರುಳಿಸಿದರು. "ಇನ್ನೇನು ಉಳೀತು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಸ್ಪ್ಯಾನರ್ ನನ್ನ ಕಡೆ ನೋಡಿದಳು. ಮೊದಲ ಸಲ ಆ ಕಣ್ಣಿನಲ್ಲಿ ಭಯ ಕಂಡೆ. "ಮೇಡಂ, ನಾನು ಬರೆದಿಲ್ಲ. ನನ್ನ ಫೋನಿಂದ ಹೇಗೆ ಹೋಯ್ತೋ ನಂಗೊತ್ತಿಲ್ಲ."

ನಾನು ಅವಳನ್ನು ನಂಬಿದೆ. ನಂಬಿಕೆಗೆ ಕಾರಣ ಕೇಳಬೇಡಿ. ಎಕ್ಸ್‌ಚೇಂಜಿನಲ್ಲಿ ಸುಳ್ಳು ಹೇಳುವವರ ಉಸಿರು ಕೇಳಿ ಕೇಳಿ ನನ್ನ ಕಿವಿ ಪಳಗಿದೆ. ಇವಳ ಉಸಿರಿನಲ್ಲಿ ಸುಳ್ಳಿರಲಿಲ್ಲ.

"ಫೋನ್ ಒಂದೇ ಆದ್ರೆ ಕೈ ಒಂದೇ ಆಗಬೇಕು ಅಂತೇನಿಲ್ಲ," ಅಂದೆ. "ಆ ಮಧ್ಯಾಹ್ನ ಫೋನ್ ನಿನ್ನ ಕೈಯಲ್ಲೇ ಇತ್ತಾ? ನೆನಪು ಮಾಡ್ಕೋ."

ಅವಳು ಹಣೆ ಉಜ್ಜಿಕೊಂಡಳು. "ಇರ್ಲಿಲ್ಲ. ಅಣ್ಣನಿಗೆ ರಕ್ತ ಬೇಕು ಅಂದ್ರು. ನಂದು ಅದೇ ಗುಂಪು. ಎರಡು ಮಹಡಿ ಕೆಳಗೆ ರಕ್ತ ಕೊಡೋ ಕೋಣೇಲಿ ಮಂಚದ ಮೇಲೆ ಮಲಗಿಸಿದ್ರು. ಬ್ಯಾಗು, ಫೋನು ಎಲ್ಲಾ ಮೇಲೇ ಬಿಟ್ಟು ಹೋಗಿದ್ದೆ."

"ಆಸ್ಪತ್ರೆಯ ರಿಜಿಸ್ಟರಲ್ಲಿ ಎಲ್ಲಾ ದಾಖಲಾಗಿರುತ್ತೆ. ಯಾವಾಗ ಸೂಜಿ ಚುಚ್ಚಿದ್ರು, ಯಾವಾಗ ತೆಗೆದ್ರು, ಎಲ್ಲಾ," ಅಂದೆ ಮಾಲೀಕರಿಗೆ. ನನ್ನ ಧ್ವನಿ ಮತ್ತೆ ಏರತೊಡಗಿತ್ತು. "ಒಂದು ಕೈಯಲ್ಲಿ ಸೂಜಿ ಚುಚ್ಚಿಸ್ಕೊಂಡು, ಎರಡು ಮಹಡಿ ಮೇಲಿರೋ ಫೋನಲ್ಲಿ ದೂರು ಬರೆಯೋ ವಿದ್ಯೆ ಇವಳಿಗೆ ಗೊತ್ತಿದ್ರೆ ನಿಮ್ಮ ಕಂಪನೀಲಿ ಯಾಕೆ ಕೆಲಸ ಮಾಡ್ತಿದ್ದಳು?"

ಪಂಡಿತ ತಲೆ ಅಲ್ಲಾಡಿಸಿದ. "ಆಗಲ್ಲ ಮೇಡಂ. ಹಾಜರಿ ಆ್ಯಪ್ ಹಾಕಿಸುವಾಗ ಎಲ್ಲರ ಫೋನಿಗೂ ಬೀಗ ಇರಲೇಬೇಕು ಅಂತ ನಾನೇ ನಿಯಮ ಮಾಡಿದ್ದು. ಬೆರಳಿಟ್ರೆ ಮಾತ್ರ ತೆರೆಯುತ್ತೆ. ಬೇರೆಯೋರು ಹೇಗೆ ತೆರೀತಾರೆ?"

"ಇವಳ ಬೆರಳು ಬಿಟ್ಟು ಬೇರೆ ಯಾರದ್ದೂ ಇಲ್ವಾ ಅದರಲ್ಲಿ?"

"ಅಣ್ಣನದ್ದಿದೆ," ಅಂದಳು ಸ್ಪ್ಯಾನರ್ ಥಟ್ಟನೆ. "ನನ್ನ ಫೋನಲ್ಲಿ ಅಣ್ಣನ ಬೆರಳು, ಅಣ್ಣನ ಫೋನಲ್ಲಿ ನಂದು. ನಮ್ಮಲ್ಲಿ ಜೋಡಿಗಳೆಲ್ಲ ಹಾಗೇ ಮಾಡ್ಕೋತೀವಿ. ಒಳಗೆ ಇಳಿದೋರಿಗೆ ಏನಾದ್ರೂ ಆದ್ರೆ ಮೇಲಿರೋರು ಅವರ ಮನೆಗೆ ಫೋನ್ ಮಾಡ್ಬೇಕಲ್ಲ. ಅವತ್ತು ನಾನು ಅಣ್ಣನ ಫೋನ್ ತೆರೆದೇ ಅತ್ತಿಗೆಗೆ ಹೇಳಿದ್ದು."

ಮಾಲೀಕರು ಗಹಗಹಿಸಿ ನಕ್ಕರು. "ಭೇಷ್! ಪ್ರಜ್ಞೆ ಇಲ್ದೇ ಮಲಗಿರೋನು ಎದ್ದು ಬಂದು ಫೋನ್ ತೆರೆದು, ದೂರು ಬರೆದು, ಮತ್ತೆ ಹೋಗಿ ಮಲಗಿದ್ನಾ?"

ಅವರ ನಗು ಗೋಡೆಗೆ ಬಡಿದು ನಿಂತಿತು. ಯಾರೂ ಜೊತೆಗೆ ನಗಲಿಲ್ಲ.

ಮಲಗಿರುವವನು ಎದ್ದು ಬರಬೇಕಾಗಿಲ್ಲ ಅಂತ ನನಗೆ ಹೊಳೆದದ್ದು ಆಗ. ಫೋನೇ ಅವನ ಹತ್ತಿರ ಹೋಗಬಹುದು. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಅವನ ಕೈ ಹಿಡಿದುಕೊಳ್ಳುವ ಹಕ್ಕು ಇರುವವರು ಯಾರಾದರೂ ಅವನ ಬೆರಳನ್ನು ಮೆಲ್ಲಗೆ ಎತ್ತಿ ಫೋನಿಗೆ ತಾಗಿಸಬಹುದು. ನರ್ಸಿಗೆ ಅನುಮಾನವೂ ಬರುವುದಿಲ್ಲ.

ನಾನು ಅತ್ತಿಗೆಯ ಕಡೆ ನೋಡಲಿಲ್ಲ. ನೋಡಬಾರದು ಅಂತ ಕಷ್ಟಪಟ್ಟು ಕತ್ತನ್ನು ಬಿಗಿಹಿಡಿದೆ.

ಆದರೆ ಮನಸ್ಸಿಗೆ ಯಾವ ಬಿಗಿ? ಅವರು ನನ್ನ ಮನೆಗೆ ಬಂದ ದಿನದ ಮಾತು ಕಿವಿಯಲ್ಲಿ ಗುಂಯ್ ಅಂದಿತು. "ಹುಡುಗಿ ಬರೆದಿಲ್ಲ ಅಂತ ತೋರಿಸಿಕೊಡಿ ಸಾಕು. ಬರೆದೋರು ಯಾರು ಅಂತ ಹುಡುಕೋದೆಲ್ಲ ಬೇಡ. ಅದು ಹೇಗೂ ಸಿಗಲ್ಲವಂತೆ. ಆ ವಿಪಿಎನ್ ಹಾಕಿದ್ರೆ ಬ್ರಹ್ಮನಿಗೂ ಗೊತ್ತಾಗಲ್ವಂತೆ." ಪಾಪ, ಕಂಪ್ಯೂಟರ್ ಗೊತ್ತಿಲ್ಲದ ಹೆಂಗಸು ಅಂತ ಆಗ ನಾನು ನಕ್ಕು ಸುಮ್ಮನಾಗಿದ್ದೆ. ಪತ್ತೇದಾರಿಣಿಯಂತೆ ನಾನು!

ಅವರಿಗೆ ಇದನ್ನು ಹೇಳಿಕೊಟ್ಟವರು ಯಾರು ಅನ್ನುವುದೂ ಈಗ ಹೊಳೆಯಿತು. ಮೊದಲನೇ ದೂರನ್ನು ಸ್ಪ್ಯಾನರ್ ಬರೆದದ್ದು ಅಣ್ಣನ ಮನೆಯ ಅಡುಗೆಮನೆಯಲ್ಲಿ ಕೂತು. ಬೆಳಿಗ್ಗೆ ಅವಳೇ ನನಗೆ ಹೇಳಿದ್ದಳು. ವಿಪಿಎನ್ ಆನ್ ಆದಾಗ ಫೋನಿನ ನೆತ್ತಿಯಲ್ಲಿ ಮೂಡುವ ಪುಟ್ಟ ಬೀಗದ ಕೈ ಚಿತ್ರವನ್ನು ತೋರಿಸಿ, ಇದು ಬಂತು ಅಂದ್ರೆ ನಮ್ಮನ್ನ ಯಾರೂ ಹಿಡಿಯೋಕಾಗಲ್ಲ ಅತ್ತಿಗೆ ಅಂತ ಜಂಬ ಬೇರೆ ಕೊಚ್ಚಿದ್ದಳಂತೆ. ಜಾಹೀರಾತಿನಲ್ಲಿ ಓದಿದ್ದನ್ನು ಹಾಗೆಯೇ ಒಪ್ಪಿಸಿದ್ದಳು. ಅತ್ತಿಗೆ ಅದನ್ನು ಹಾಗೆಯೇ ನಂಬಿದ್ದರು. ಗಂಡನ ಬ್ಯಾಂಡೇಜು ಸುತ್ತಿದ ತಲೆಯನ್ನು ನೋಡುತ್ತಾ ಕೂತ ಮಧ್ಯಾಹ್ನ, ಹೊಟ್ಟೆಯೊಳಗಿನ ಬೆಂಕಿಯನ್ನೆಲ್ಲ ಆ ಬೀಗದ ಕೈಯ ಧೈರ್ಯದಲ್ಲಿ ಬರೆದು ಕಳಿಸಿದ್ದರು. ಲಿಫ್ಟಿನ ವಿಷಯ ಗೊತ್ತಿಲ್ಲದ್ದರಿಂದ ಹಗ್ಗ ಅಂತ ಬರೆದಿದ್ದರು.

ನಾನು ಸ್ಪ್ಯಾನರ್ ಕಡೆ ನೋಡಿದೆ. ಹುಡುಗಿ ಚುರುಕು. ಅವಳ ಮುಖದ ರಕ್ತ ಇಳಿಯುತ್ತಿತ್ತು. ಬ್ಯಾಗನ್ನು ಯಾರ ಮಡಿಲಲ್ಲಿಟ್ಟು ರಕ್ತ ಕೊಡಲು ಹೋಗಿದ್ದೆ ಅನ್ನುವುದು ಅವಳಿಗೆ ನೆನಪಾಗಿತ್ತು.

"ಯಾಕೆ, ಮಾತೇ ನಿಂತೋಯ್ತು?" ಅಂದರು ಮಾಲೀಕರು. "ಮೇಡಂ, ಕೊನೇ ಸಲ ಕೇಳ್ತಿದೀನಿ. ಇವಳಲ್ಲ ಅಂದ್ರೆ ಮತ್ಯಾರು? ಬ್ಯಾಗು ಯಾರ ಹತ್ರ ಇತ್ತು?"

ನನ್ನ ಬಾಯಲ್ಲಿ ಉತ್ತರ ಇತ್ತು. ಒಂದೇ ಮಾತು. ಅದನ್ನು ಆಡಿದರೆ ಹುಡುಗಿ ಉಳಿಯುತ್ತಾಳೆ. ಆಡಿದರೆ ಕಣ್ಣು ಬಿಡದ ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ಒಬ್ಬ ಹೆಂಗಸು ಠಾಣೆಗೆ ನಡೆಯುತ್ತಾಳೆ, ಅದೂ ನನಗೆ ಕೇಸು ಕೊಟ್ಟವಳೇ. ಎಷ್ಟೋ ಜನರ ಗುಟ್ಟು ಹೊರಗೆ ಹಾಕಿದ ನಾಲಿಗೆ ಇದು. ಇವತ್ತು ಕಲ್ಲಾಗಿತ್ತು.

"ಬ್ಯಾಗು ಬೆಂಚಿನ ಮೇಲಿತ್ತು," ಅಂದಳು ಸ್ಪ್ಯಾನರ್.

"ಬೆಂಚಿನ ಮೇಲಾ?"

"ಹೂಂ. ಆದ್ರೆ ಫೋನು ನನ್ನ ಜೇಬಲ್ಲೇ ಇತ್ತು. ಈಗ ನೆನಪಾಯ್ತು. ರಕ್ತ ಕೊಡೋಕೆ ಹೋಗೋ ಮುಂಚೆ ಮೆಟ್ಟಿಲ ಮೇಲೆ ನಿಂತು ಬರೆದೆ. ಎರಡೂ ನಂದೇ."

"ಏಯ್!" ಅಂದೆ. ನನಗೇ ಗೊತ್ತಿಲ್ಲದೆ ಕುರ್ಚಿಯಿಂದ ಅರ್ಧ ಎದ್ದಿದ್ದೆ. "ಏನು ಮಾತಾಡ್ತಿದೀಯ? ತಲೆ ಸರಿ ಇದೆಯಾ?"

"ನೀವು ಸುಮ್ನಿರಿ ಮೇಡಂ."

"ಇದೇ ಬಾಯಲ್ಲಿ ಈಗ ತಾನೇ ಹಗ್ಗ ಕತ್ತರಿಸಿದ್ರೆ ಬೀಳಲ್ಲ ಅಂದ್ಯಲ್ಲ!"

"ಸಿಟ್ಟಲ್ಲಿ ಬರೆಯುವಾಗ ಯಾರು ಹಗ್ಗ ನೋಡ್ತಾರೆ, ಹಳಿ ನೋಡ್ತಾರೆ?"

ಮಾಲೀಕರ ಮುಖ ಅರಳಿತು. ಕಾಗದವನ್ನು ಎರಡು ಬೆರಳಿನಿಂದ ಅವಳ ಮುಂದಕ್ಕೆ ಸರಿಸಿದರು. ದೊಡ್ಡ ಮನಸ್ಸಿನವರ ಧ್ವನಿ ತಂದುಕೊಂಡರು. "ಒಪ್ಕೊಂಡೆಯಲ್ಲ, ಅಷ್ಟು ಸಾಕು. ನನಗೂ ನಿನ್ನ ಮೇಲೆ ಹಗೆ ಇಲ್ಲಮ್ಮ. ಸಹಿ ಹಾಕು, ಮನೆಗೆ ಹೋಗು. ಪೊಲೀಸು ಗಿಲೀಸು ಏನೂ ಬೇಡ."

"ಬೇಕು," ಅಂದಳು ಸ್ಪ್ಯಾನರ್.

"ಏನು?"

"ಪೊಲೀಸ್ ಬೇಕು. ಕರೆಸಿ."

ಅವಳು ಆ ಕಾಗದವನ್ನು ಎತ್ತಿಕೊಂಡಳು. ಹರಿಯಲಿಲ್ಲ. ಮಡಿಸಿ ತನ್ನ ಜೇಬಿಗೆ ಹಾಕಿಕೊಂಡಳು.

"ಸಹಿ ಹಾಕಿದ್ರೆ ಮೊದಲನೇದು ಸುಳ್ಳು ಅಂತ ಆಗುತ್ತೆ. ಅದಕ್ಕೇ ತಾನೇ ಸರ್ ಇಷ್ಟೆಲ್ಲಾ? ನಂಗೆ ಸುಳ್ಳು ಹೇಳೋಕೆ ಬರಲ್ಲ ಅಂತಲ್ಲ, ಆ ಸುಳ್ಳು ಮಾತ್ರ ಹೇಳಲ್ಲ. ಪೊಲೀಸರ ಮುಂದೆ ಎರಡೂ ನಂದೇ ಅಂತೀನಿ. ಎರಡನೇದಕ್ಕೆ ನನ್ನ ಹಿಡ್ಕೊಂಡು ಹೋಗ್ಲಿ, ಹೋಗ್ತೀನಿ. ಆದ್ರೆ ಮೊದಲನೇದನ್ನೂ ಅವರು ಓದಬೇಕು ತಾನೆ? ಓದಿದ್ಮೇಲೆ ಆ ಬ್ರೇಕ್ ಬಿಚ್ಚಲೇಬೇಕು ತಾನೆ? ಬಿಚ್ಚಲಿ. ಆ ಒಂದೇ ಲಿಫ್ಟಲ್ಲ, ನೀವು ಆ ಲೈನರ್ ಹಾಕಿರೋ ಎಲ್ಲಾ ಲಿಫ್ಟಿಂದೂ ಬಿಚ್ಚಲಿ."

ಪಂಡಿತ ಮೇಜಿನ ಮೇಲಿದ್ದ ಫೋನಿಗೆ ಕೈ ಚಾಚಿದ. "ಸರ್, ಠಾಣೆಗೆ ಮಾಡ್ಲಾ?"

"ತಡಿಯೋ!" ಅಂದರು ಮಾಲೀಕರು. ಆ ಒಂದು ಮಾತಿನಲ್ಲಿ ನಕಲಿ ಲೈನರಿನ ಇಡೀ ಕಥೆ ಇತ್ತು. ಪಂಡಿತನಿಗೂ ಅದು ಕೇಳಿಸಿರಬೇಕು. ಅವನು ಮಾಲೀಕರನ್ನೇ ನೋಡುತ್ತಾ ಚಾಚಿದ ಕೈಯನ್ನು ಹಾಗೇ ಬಿಟ್ಟ.

"ಯಾಕ್ ಸರ್ ತಡೀಬೇಕು?" ಸ್ಪ್ಯಾನರ್ ಕೇಳಿದಳು. "ಈಗ ತಾನೇ ನನಗೆ ಪೊಲೀಸ್ ಹೆಸರು ಹೇಳಿ ಹೆದರಿಸ್ತಿದ್ರಿ. ನಾನು ಹೆದರಿಲ್ಲ. ನಿಮಗೇನಾಯ್ತು?"

ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಜೊತೆಗೇ ಕಪಾಳಕ್ಕೆ ಎರಡು ಬಿಗಿಯಬೇಕು ಅಂತಲೂ ಅನ್ನಿಸಿತು. ಜೈಲು ಅಂದರೆ ಲಿಫ್ಟಿನ ಗೂಡಲ್ಲ. ಸ್ವಿಚ್ಚು ಕಾಯುವುದಕ್ಕೆ ಮೇಲೆ ಯಾರೂ ಇರುವುದಿಲ್ಲ. ಬೆದರಿಕೆ ಹಾಕಿದ ಮೆಕ್ಯಾನಿಕ್ ಅಂತ ಒಮ್ಮೆ ಹೆಸರು ಬಂದರೆ ಯಾವ ಊರಿನ ಯಾವ ಲಿಫ್ಟಿಗೂ ಅವಳ ಕೈ ತಾಗಿಸಲು ಬಿಡುವುದಿಲ್ಲ. ಅದೆಲ್ಲ ಗೊತ್ತಿದ್ದೇ ಅವಳು ನಿಂತಿದ್ದಳು.

ಅಷ್ಟರಲ್ಲಿ ಮೇಜಿನ ತುದಿಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

ಅತ್ತಿಗೆ ಎದ್ದು ನಿಂತಿದ್ದರು. ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದ್ದರು. ಮುಖದಲ್ಲಿ ಅಳು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅವರು ಮಾಲೀಕರನ್ನು ನೋಡುತ್ತಿದ್ದ ರೀತಿಯಲ್ಲಿ ಎರಡನೇ ದೂರಿನ ಪ್ರತಿ ಅಕ್ಷರವೂ ಇತ್ತು.

"ಏನಮ್ಮ?" ಅಂದರು ಮಾಲೀಕರು. "ನೀವೇನಾದ್ರೂ ಹೇಳ್ಬೇಕಾ?"

ಸ್ಪ್ಯಾನರ್ ಹಿಂದಿರುಗಿ ನೋಡಲಿಲ್ಲ. ಸೊಂಟದ ಸ್ಪ್ಯಾನರನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

"ಅತ್ತಿಗೆ, ಕೂತ್ಕೊಳ್ಳಿ," ಅಂದಳು. "ಅಣ್ಣ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಒಬ್ರಾದ್ರೂ ಇರ್ಬೇಕು."

ಅತ್ತಿಗೆ ಕೂರಲಿಲ್ಲ.